ಅರ್ಧ ನಿಮಿಷದ ನಿಶ್ಶಬ್ದ

ದೆವ್ವ, ಆತ್ಮ ಎಂದು ಯಾರಾದರೂ ಮಾತೆತ್ತಿದರೆ ನಾನು ಎದ್ದು ಹೋಗುತ್ತಿದ್ದೆ. ಮದ್ರಾಸಿನ ಸ್ಟುಡಿಯೋ ಒಂದರಲ್ಲಿ ಶಬ್ದ ಮುದ್ರಿಸುವವರ ಸಹಾಯಕ ನಾನು. ಇಲ್ಲದ ದನಿ ಕೇಳಿಸಿತೆಂದರೆ ಎಲ್ಲೋ ತಂತಿ ಸಡಿಲವಾಗಿದೆ ಎಂದೇ ಅರ್ಥ. ಹಾಗೆಂದು ನನಗೆ ಕಲಿಸಿದವರು ಗುನ್ನಾರ್ ಸಾಹೇಬರು.

ಅವರು ಐಸ್‌ಲ್ಯಾಂಡಿನವರು. ಐವತ್ತರ ದಶಕದ ಕೊನೆಯಲ್ಲಿ ಸ್ಟುಡಿಯೋದ ಹೊಸ ಯಂತ್ರ ಜೋಡಿಸಿಕೊಡಲು ಬಂದವರು ಇಲ್ಲಿಯೇ ಉಳಿದರು. ತಮಿಳು, ತೆಲುಗು, ಕನ್ನಡ ಎಂದು ಎಷ್ಟೋ ಚಿತ್ರಗಳಿಗೆ ಕೆಲಸ ಮಾಡಿದರು; ಟೈಟಲ್ಲಿನಲ್ಲಿ ಅವರ ಹೆಸರನ್ನು ಒಮ್ಮೆಯೂ ಯಾರೂ ಸರಿಯಾಗಿ ಬರೆಯಲಿಲ್ಲ. ಸಂಭಾಷಣೆ ಅರ್ಧವೂ ಅರ್ಥವಾಗುತ್ತಿರಲಿಲ್ಲ, ಆದರೆ ನಟಿಯ ಸೆರಗು ಮೈಕಿಗೆ ತಗುಲಿದ್ದು ಗೊತ್ತಾಗುತ್ತಿತ್ತು. ಪ್ರತಿ ದೃಶ್ಯ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ, ಎಡಗೈ ಮೇಲೆತ್ತಿ, ಆ ಜಾಗದ ನಿಶ್ಶಬ್ದವನ್ನು ಅರ್ಧ ನಿಮಿಷ ಮುದ್ರಿಸುತ್ತಿದ್ದರು. ಮಾತಿನ ನಡುವಿನ ಸಂದು ಮುಚ್ಚಲು ಅದು ಬೇಕು.

ಒಮ್ಮೆ, ಸಂಸಾರವಿರುವ ಮನೆಯ ನಿಶ್ಶಬ್ದ ಬೇಕೆಂದು ಮೈಲಾಪುರದ ನಮ್ಮ ಮಹಡಿ ಮನೆಗೆ ಬಂದರು. ನನ್ನ ಹೆಂಡತಿ ಜಲಜ ಉಡುಪಿ ಕಡೆಯವಳು.

"ಸುಮ್ಮನೆ ಕೂತದ್ದನ್ನು ಹಿಡಿಲಿಕ್ಕೆ ಮೆಷಿನ್ ಬೇಕಾ ಮಾರಾಯ್ರೆ? ನಿಮ್ಮನ್ನು ನೋಡಿದ್ರೆ ಸಾಕಲ್ಲ!" ಎಂದು ನನ್ನನ್ನು ಕೆಣಕಿ, ಬಳೆ ಒತ್ತಿ ಹಿಡಿದು ಕೂತಳು. ಕೊನೆಗೆ ತಡೆಯಲಾರದೆ, "ಆಯ್ತಾ?" ಎಂದಳು. ಸಾಹೇಬರು ಕೈ ಇಳಿಸಿ, ತಮ್ಮ ಹರುಕು ತಮಿಳಿನಲ್ಲಿ, "ಆಚ್ಚುಮ್ಮಾ", ಅಂದರೆ ಆಯ್ತಮ್ಮಾ, ಎಂದು ನಕ್ಕರು.

ಮರುದಿನ ಆ "ಆಯ್ತಾ"ವನ್ನು ಟೇಪಿನ ತುದಿಯಿಂದ ಕತ್ತರಿಸಿ ಬುಟ್ಟಿಗೆ ಹಾಕಿದವನು ನಾನೇ. ನಿಶ್ಶಬ್ದ ಚೊಕ್ಕಟವಾಗಿರಬೇಕಲ್ಲ.

ಎರಡು ವರ್ಷದ ಮೇಲೆ ಜಲಜ ಜ್ವರದಲ್ಲಿ ತೀರಿಕೊಂಡಳು. ಅವಳ ದನಿ ಬೇರೆಲ್ಲೂ ಉಳಿದಿರಲಿಲ್ಲ. ಉಸಿರಾದರೂ ಕೇಳೀತೆಂಬ ಆಸೆಯಿಂದ, ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಆ ಸುರುಳಿ ಹಾಕಿಕೊಡಿ ಎಂದು ಸಾಹೇಬರನ್ನು ಕೇಳಿದೆ. ಅವರು ಹಾಕಿದರು. ಇದ್ದದ್ದು ಒಂದೇ ಹೆಡ್‌ಫೋನು. ಮೊದಲು ತಾವು ಹಾಕಿಕೊಂಡು ಶಬ್ದದ ಮಟ್ಟ ಸರಿಮಾಡತೊಡಗಿದರು. ಅಭ್ಯಾಸಬಲದಿಂದ ಎಡಗೈ ಮೇಲೆದ್ದಿತ್ತು. ನಾನು ಟೇಪನ್ನೇ ನೋಡುತ್ತಿದ್ದೆ. ಅದರ ತುದಿ ಯಂತ್ರದಿಂದ ಜಾರಿ, ಸುರುಳಿ ಪಟಪಟ ತಿರುಗತೊಡಗಿತು. ಆಮೇಲೆ ಅವರು ಕೈ ಇಳಿಸಿದರು.

"ಆಚ್ಚುಮ್ಮಾ," ಎಂದರು.

"ಏನು ಕೇಳಿಸ್ತು ಸಾರ್?" ಎಂದೆ.

"ಕೇಟ್ಟಾಂಗ. ಸೊನ್ನೇನ್," ಎಂದರು. ಆಕೆ ಕೇಳಿದರು, ನಾನು ಹೇಳಿದೆ. ಅಷ್ಟೇ. ಸಾಹೇಬರ ಮುಖ ಬಿಳುಚಿಕೊಂಡಿತ್ತು.

ಹೆಡ್‌ಫೋನು ನನ್ನ ಕಿವಿಗಿಟ್ಟು ಮತ್ತೆ ಹಾಕಿದರು. ದೂರದ ಒಂದು ಕಾಗೆ, ಮತ್ತೇನಿಲ್ಲ. ಬಿಡುವು ಮುಗಿಯುವವರೆಗೆ ಹಾಕಿಸಿದೆ. ಕಾಗೆ ಮಾತ್ರ.

ಅದು ಅಭ್ಯಾಸದಿಂದ ಬಾಯಿಗೆ ಬಂದ ಮಾತಿರಬಹುದು. ನನ್ನ ಮೇಲಿನ ಕನಿಕರವೂ ಇರಬಹುದು. ಆದರೆ ಇಲ್ಲದ ಸದ್ದನ್ನು ಇದೆ ಎನ್ನುವ ಮನುಷ್ಯ ಅವರಲ್ಲ. ಕೆಲವು ವರ್ಷಗಳಲ್ಲಿ ಅವರ ದೇಶದಲ್ಲಿ ಟೆಲಿವಿಷನ್ ಶುರುವಾಯಿತು. ಅಲ್ಲಿ ಕೆಲಸ ಸಿಕ್ಕಿ ಹೊರಟರು. ಮೀನಂಬಾಕಂ ವಿಮಾನ ನಿಲ್ದಾಣದಲ್ಲಿ ಆ ಸುರುಳಿಯನ್ನು ನನ್ನ ಕೈಗಿಟ್ಟರು. ಅಂದು ಕೇಳಿಸಿದ್ದೇನೆಂದು ಇನ್ನೊಮ್ಮೆ ವಿಚಾರಿಸಬೇಕೆಂದುಕೊಂಡವನು, ಅವರ ಪೆಟ್ಟಿಗೆ ಎತ್ತಿಕೊಟ್ಟೆ.

ಅವರಿಗೆ ಕೇಳಿದ್ದು ನನಗೇಕೆ ಕೇಳಲಿಲ್ಲವೋ ತಿಳಿಯದು. ಅವಳು "ಆಯ್ತಾ?" ಎಂದು ಕೇಳಿದ್ದೇ ನಿಜವಾದರೆ, ಉತ್ತರ ಕೊಡಬೇಕಾದವನು ನಾನು. ಇನ್ನೂ ಆಗಿಲ್ಲ, ಸ್ವಲ್ಪ ಹೊತ್ತು ಕೂತಿರು ಎನ್ನುತ್ತಿದ್ದೆ.