ಕಾಗದದ ಉಡಿ

ಟ್ರಂಕಿನ ಮುಚ್ಚಳ ಎತ್ತಿದರೆ ಮೊದಲು ಬರುವುದು ಡಾಂಬರ ಗುಳಿಗೆಯ ವಾಸನೆ. ಅದು ಮೂಗಿಗೆ ಹತ್ತಿ ಒಂದು ಸೀನು ಸೀನುವಷ್ಟರಲ್ಲಿ ಟ್ರಂಕು ಯಾಕೆ ತೆಗೆದೆ ಎಂಬುದೇ ಮರೆತಿರುತ್ತದೆ. ನಮ್ಮ ವಯಸ್ಸಿಗೆ ಬನ್ನಿ, ನಿಮಗೂ ತಿಳಿಯುತ್ತದೆ. ಸೂಜಿ ಹುಡುಕಲು ಕೂತವಳು ಸತ್ತವರ ಫೋಟೋ ಒರೆಸಿಟ್ಟು ಏಳುತ್ತೇನೆ. ಇವತ್ತು ಮಾತ್ರ ಮರೆತಿರಲಿಲ್ಲ. ನನಗೊಂದು ಕುಬಸದ ಖಣ ಬೇಕಿತ್ತು. ಮುಂದಿನ ಖೋಲಿಯಲ್ಲಿ ಬಾಡಿಗೆಗಿರುವ ನರ್ಸ್ ಸುನಂದಾಳಿಗೆ ಯಡ್ರಾಮಿಗೆ ವರ್ಗವಾಗಿದೆ, ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾಳೆ. ಹೋಗುವ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ತಳದವರೆಗೂ ಕೈಯಾಡಿಸಿದೆ. ಖಣ ಸಿಗಲಿಲ್ಲ. ಎಲ್ಲಿಂದ ಸಿಗಬೇಕು, ನನಗೆ ಯಾರೂ ಕೊಟ್ಟವರೇ ಇಲ್ಲ. ಸಿಕ್ಕಿದ್ದು ಹಳೆಯ ಬಿಸ್ಕೀಟಿನ ಡಬ್ಬಿ.

ಅದರೊಳಗೆ ಒಂದು ತೆಂಗಿನಕಾಯಿ ಇದೆ. ಕಾಗದದ್ದು. ಶಾಲೆಯ ಪುಸ್ತಕಕ್ಕೆ ರಟ್ಟು ಹಾಕುವ ಕಂದು ಹಾಳೆಯನ್ನು ಮಡಿಸಿ ಮಡಿಸಿ, ಕೊನೆಗೆ ತುದಿಯ ಸಣ್ಣ ತೂತಿನಿಂದ ಊದಿ ಉಬ್ಬಿಸಿದ್ದು. ಅದರೊಳಗಿನ ಉಸಿರು ನನ್ನದಲ್ಲ, ಜಪಾನಿನ ಒಬ್ಬ ಹೆಂಗಸಿನದು. ಅಫಜಲಪುರದ ಮುದುಕಿಯ ಟ್ರಂಕಿನಲ್ಲಿ ಜಪಾನಿನ ಉಸಿರು ಯಾಕೆ ಎಂದು ನೀವು ಕೇಳುತ್ತೀರಿ. ಕೂತುಕೊಳ್ಳಿ, ಹೇಳುತ್ತೇನೆ. ನನಗೂ ಮಾತಾಡಲು ಬೇರೆ ಯಾರಿದ್ದಾರೆ?

ಎಂಬತ್ತರ ದಶಕದ ಮಾತು. ನಾನು ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ತವರು ಖಜೂರಿ, ಕೊಟ್ಟದ್ದು ಈ ಊರಿಗೆ. ಮದುವೆಯಾಗಿ ಸರಿಯಾಗಿ ಜಗಳವಾಡಲು ಕಲಿಯುವಷ್ಟರಲ್ಲಿ ಗಂಡ ಕಾಮಣಿ ರೋಗವಾಗಿ ತೀರಿಕೊಂಡರು. ಅಪ್ಪ ಕರೆಯಲು ಬಂದರು. ಹೋಗಲಿಲ್ಲ. ಟ್ರೇನಿಂಗು ಮುಗಿಸಿ ನೌಕರಿ ಹಿಡಿದು, ಒಂದು ಖೋಲಿ ಮಾಡಿಕೊಂಡು ಇಲ್ಲೇ ಉಳಿದೆ. ಊರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿತು, ಸುಳ್ಳು ಹೇಳಬಾರದು. ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು, ಜ್ವರ ಬಂದರೆ ಗಂಜಿ ತರುತ್ತಿದ್ದರು. ಆದರೆ ಮುತ್ತೈದೆಯರ ಉಡಿ ತುಂಬುವ ಹೊತ್ತಿಗೆ ಮಾತ್ರ ನಾನಾಗಿಯೇ ಹೊರಗೆ ಹೋಗಿ ನಿಲ್ಲಬೇಕಿತ್ತು. ಯಾರೂ ‘ಹೋಗು’ ಎನ್ನುತ್ತಿರಲಿಲ್ಲ. ಶರಣರಲ್ಲಿ ಎಲ್ಲರೂ ಒಂದೇ ಎಂದು ಪ್ರತಿ ಸೋಮವಾರ ಭಜನೆ ಮಾಡುವ ಮನೆಗಳೇ ಅವು. ಭಜನೆಗೆ ನನ್ನನ್ನು ಮುಂದೆ ಕೂರಿಸುತ್ತಿದ್ದರು. ಅಕ್ಕಿ, ಕಾಯಿ, ಖಣದ ತಾಟು ಹೊರಬಂತೆಂದರೆ ಎಲ್ಲರೂ ಸ್ವಲ್ಪ ಸುಮ್ಮನಾಗುತ್ತಿದ್ದರು. ಆ ಸುಮ್ಮನಾಗುವುದು ನನಗೆ ಅರ್ಥವಾಗುತ್ತಿತ್ತು.

ಆಗ ಬಂದಳು ಸಾಚಿಕೊ, ಆ ಜಪಾನಿನ ಹೆಂಗಸು. ನನಗಿಂತ ಸ್ವಲ್ಪ ದೊಡ್ಡವಳು, ಕತ್ತರಿಸಿದ ಕೂದಲು, ಬೂದು ಬಣ್ಣದ ಜೋಲು ಅಂಗಿ. ಕಾಗದ ಮಡಿಸುವುದೇ ಆಕೆಯ ಕೆಲಸ. ದೇಶ ದೇಶ ತಿರುಗಿ, ಒಂದೊಂದು ಊರಿನ ಜನರ ಕೈಯಿಂದ ಕಾಗದ ಮಡಿಸಿ, ಎಲ್ಲರ ಮಡಿಕೆ ಕೂಡಿಸಿ ಆ ಊರಿನದೇ ಒಂದು ದೊಡ್ಡ ಚಿತ್ರ ಮಾಡುತ್ತಿದ್ದಳಂತೆ. ಇದಕ್ಕೂ ಪಗಾರ ಕೊಡುತ್ತಾರೇನು ಎಂದು ಊರಿಗೆಲ್ಲ ಸೋಜಿಗ. ಹೆಡ್‌ಮಾಸ್ತರರು ನನ್ನನ್ನು ಕರೆದು, “ಟೀಚರ್, ನಿಮ್ಮ ಇಂಗ್ಲಿಷ್ ಬೇಶ್ ಅದ. ಆ ಬಾಯಾರ ಸಂಗಟ ನೀವೇ ಮಾತಾಡ್ರಿ,” ಎಂದರು. ನನ್ನ ಇಂಗ್ಲಿಷೆಂದರೆ ರಜೆ ಅರ್ಜಿಯ ಇಂಗ್ಲಿಷು. ಹೊಟ್ಟೆನೋವೆಂದು ಬರೆಯಬಲ್ಲೆ, ಅದಕ್ಕಿಂತ ಮುಂದೆ ಹೋಗಲಾರೆ. ಪುಣ್ಯಕ್ಕೆ ಆಕೆಯದೂ ಅಷ್ಟೇ. ಎರಡು ಕುಂಟೆತ್ತು ಒಂದೇ ಗಾಡಿಗೆ ಹೂಡಿದಂತೆ ನಮ್ಮದು ಹೇಗೋ ಸಾಗಿತು.

ಮನೆಗೆಲಸ ತೀರಿಸಿ ಹೆಂಗಸರು ಮಧ್ಯಾಹ್ನ ಶಾಲೆಯ ಪಡಸಾಲೆಯಲ್ಲಿ ಕೂಡುತ್ತಿದ್ದರು. ನಿಮ್ಮೂರಲ್ಲಿ ಏನಿದೆ, ಅದನ್ನೇ ಮಾಡೋಣ ಎಂದಳು ಸಾಚಿಕೊ. ನಾನು ಕನ್ನಡದಲ್ಲಿ ಹೇಳಿದೆ.

“ಏನದ? ಧೂಳದ, ಬಿಸಲದ. ಅವನ್ನೇ ಮಡಚ್ರಿ,” ಎಂದು ಒಬ್ಬಾಕೆ ನಗಿಸಿದಳು.

“ಯಾಕಬೇ, ಭೀಮಾ ಹೊಳಿ ಎಲ್ಲಿ ಹೋಯ್ತು?” ಎಂದವಳು ಶಿವಲಿಂಗವ್ವ ಆಯಿ. ಓಣಿಗೆಲ್ಲ ಹಿರಿಯಳು, ಆಕೆ ಎಂದದ್ದೇ ಎಂದದ್ದು.

ಹಾಗೆ ಹೊಳೆ ಶುರುವಾಯಿತು. ಒಬ್ಬೊಬ್ಬರದು ಒಂದೊಂದು ತೆರೆ. ಕಿರಾಣಿ ಅಂಗಡಿಯ ಬಣ್ಣದ ಹಾಳೆ ತೀರಿದ ಮೇಲೆ ಮನೆಯಿಂದಲೇ ಕಾಗದ ಬರತೊಡಗಿತು: ಸಕ್ಕರೆ ಕಟ್ಟಿದ ಪೊಟ್ಟಣ, ಲಗ್ನಪತ್ರಿಕೆ, ಮುಗಿದ ಕ್ಯಾಲೆಂಡರು. ಒಬ್ಬಾಕೆ ಮಗನ ಪರೀಕ್ಷೆಯ ಪೇಪರು ತಂದು, “ಓದಾಕಂತೂ ಬರಲಿಲ್ಲ, ಹೊಳ್ಯಾಗರ ಬೀಳಲಿ,” ಎಂದಳು. ರೊಟ್ಟಿ ಬಡಿದ ಕೈಗಳು, ಮಡಿಕೆಯ ಮೇಲೆ ಬಿದ್ದರೆ ಪಡಸಾಲೆಯೇ ಅದುರಬೇಕು. ಸಾಚಿಕೊ ತನ್ನ ಉಗುರಿನಿಂದ ಮೆಲ್ಲಗೆ ಗೆರೆ ಎಳೆದು ತೋರಿಸುತ್ತಿದ್ದಳು. ಒಮ್ಮೆ ಯಾರದೋ ಚೀಲದಲ್ಲಿ ಮುಕ್ಕೋನ ಮಡಿಸಿದ ಖಣ ನೋಡಿದವಳು ಅದನ್ನು ಬಿಚ್ಚುವುದು, ಮತ್ತೆ ಅವರಿಂದ ಮಡಿಸಿಕೊಳ್ಳುವುದು, ಮತ್ತೆ ಬಿಚ್ಚುವುದು. “ಯವ್ವಾ, ಖಣದ ಗತಿ ಕೆಡಸಾಕತ್ತಾಳ,” ಎಂದು ಹೆಂಗಸರು ನಕ್ಕದ್ದೇ ನಕ್ಕದ್ದು.

ಅವರಿಗೆ ಹೊಳೆಗಿಂತ ದೊಡ್ಡ ಚಿಂತೆ ಬೇರೆಯಿತ್ತು. “ಟೀಚರ್, ಈಕಿ ಗಂಡ ಏನ್ ಮಾಡ್ತಾನಂತ ಕೇಳ್ರಿ.”

ಕೇಳಿದೆ. ಆಕೆ ತಲೆಯಾಡಿಸಿ, ಇಲ್ಲ ಎಂದಳು.

“ಇಲ್ಲಂದ್ರ? ಸತ್ತಾನೋ, ಮದುವಿನೇ ಆಗಿಲ್ಲೋ?”

ಅದನ್ನು ಕೇಳುವ ಇಂಗ್ಲಿಷು ನನಗೆ ಬರುತ್ತಿತ್ತು. ಆದರೂ ಬರುವುದಿಲ್ಲವೆಂದೆ.

ಸಂಜೆ ಆಕೆ ತಾನು ಇಳಿದಿದ್ದ ಸರಕಾರಿ ಬಂಗಲೆಗೆ ಹೋಗುವ ಮುಂಚೆ ನನ್ನ ಖೋಲಿಗೆ ಬಂದು ಕೂರುತ್ತಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ, ಆಕೆ ಏನಾದರೂ ಮಡಿಸುತ್ತಿದ್ದಳು. ಮಾತಿಲ್ಲ. ನೀವು ಒಬ್ಬರೇ ಬದುಕಿದವರಾದರೆ ನಾನು ಹೇಳುವುದು ತಿಳಿದೀತು. ಮಾತಾಡುವವರು ಎಲ್ಲಿಯಾದರೂ ಸಿಗುತ್ತಾರೆ. ಸುಮ್ಮನೆ ಹತ್ತಿರ ಕೂರುವವರು ಸಿಗುವುದಿಲ್ಲ. ಆ ಕೆಲವು ಸಂಜೆ ನನ್ನ ಖೋಲಿ ಮನೆಯಾಗಿತ್ತು. ಅದಕ್ಕೂ ಮುಂಚೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ನಡುವೆ ಒಂದು ದಿನ ಯಾರದೋ ಮನೆಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ನಮ್ಮಿಬ್ಬರನ್ನೂ ಕರೆದರು. ಬಸುರಿಯನ್ನು ಮಣೆಯ ಮೇಲೆ ಕೂರಿಸಿ ತಾಟು ತಂದಾಗ ನಾನು ಎಂದಿನಂತೆ ಎದ್ದು ಬಾಗಿಲಾಚೆ ಚಪ್ಪಲಿಗಳ ನಡುವೆ ನಿಂತೆ. ಸಾಚಿಕೊ ಹಿಂದೆಯೇ ಬಂದಳು. ನೀನು ಯಾಕೆ ಒಳಗಿಲ್ಲ ಎಂದು ಕೇಳಿದಳು. ರಜೆ ಅರ್ಜಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, “ಐ ಆಮ್ ಆನ್ ಡ್ಯೂಟಿ,” ಎಂದುಬಿಟ್ಟೆ. ಚಪ್ಪಲಿ ಕಾಯುವ ಡ್ಯೂಟಿ! ಆಕೆ ನಗಲಿಲ್ಲ. ಒಳಗೆ ನೋಡಿದಳು, ನನ್ನನ್ನು ನೋಡಿದಳು, ನನ್ನ ಬೋಳು ಹಣೆಯನ್ನು ನೋಡಿದಳು. ಆಮೇಲೆ ತಾನೂ ನನ್ನ ಪಕ್ಕ ಚಪ್ಪಲಿಗಳ ನಡುವೆ ನಿಂತಳು.

ಹೊಳೆ ಮುಗಿಯಿತು. ಪಡಸಾಲೆಯ ಉದ್ದಕ್ಕೂ ದಾರ ಕಟ್ಟಿ ತೂಗಿಬಿಟ್ಟರು. ಖರೆ ಹೊಳೆಯ ಕಡೆಯಿಂದ ಗಾಳಿ ಬಂದಾಗಲೆಲ್ಲ ಕಾಗದದ ಹೊಳೆ ಸರಸರ ಅನ್ನುತ್ತಿತ್ತು. ಊರೇ ಬಂದು ನೋಡಿತು. ಎಲ್ಲರೂ ತಮ್ಮ ತೆರೆ ಹುಡುಕುವವರೇ. ನನ್ನದು ಎಲ್ಲಿದೆಯೆಂದು ನನಗೆ ಈಗಲೂ ನೆನಪಿದೆ, ಮೂಲೆಯ ಕಂಬದ ಹತ್ತಿರ, ಸ್ವಲ್ಪ ಸೊಟ್ಟ.

ಆಕೆ ಹೊರಡುವ ದಿನ ಉಡಿ ತುಂಬುವ ಪ್ರಶ್ನೆ ಎದ್ದಿತು. ಗಂಡ ಸತ್ತವಳೋ ಏನೋ, ತುಂಬಬಹುದೇ? ಗುಸುಗುಸು ಆಯಿತು. ಕೊನೆಗೆ ಶಿವಲಿಂಗವ್ವ ಆಯಿ, “ದೇಶ ಬಿಟ್ಟು ಬಂದ ಹೆಣ್ಣಮಗಳು, ನಮ್ಮನಿ ಮಗಳಿದ್ದಂಗ. ತುಂಬ್ರಿ,” ಎಂದಳು. ಆಕೆಗೊಂದು ಸೀರೆ ಉಡಿಸಿ, ಹಣೆಗೆ ಕುಂಕುಮವಿಟ್ಟು, ಸೆರಗಿಗೆ ಅಕ್ಕಿ, ಕಾಯಿ, ಉತ್ತತ್ತಿ, ಎಲೆ ಅಡಿಕೆ, ಖಣ ಹಾಕಿದರು. ನಾನು ಮೂಲೆಯ ಕಂಬಕ್ಕೆ ಆತು ನಿಂತಿದ್ದೆ. ದೂರದವಳಿಗೆ ಸಿಕ್ಕಿತು, ಹತ್ತಿರದವಳಿಗಿಲ್ಲ. ಹೊಟ್ಟೆಕಿಚ್ಚಾಯಿತು. ಆಗಲಿಲ್ಲ ಎಂದರೆ ನೀವೂ ನಂಬುವುದಿಲ್ಲ.

ಸಾಚಿಕೊ ಉಡಿ ಕಟ್ಟಿಕೊಂಡಳು. ಆಮೇಲೆ ಒಂದು ಖಾಲಿ ತಾಟು ಎಳೆದುಕೊಂಡು, ತನ್ನ ಚೀಲದಿಂದ ಒಂದೊಂದೇ ತೆಗೆದು ಅದರ ಮೇಲಿಟ್ಟಳು. ಎಲ್ಲವೂ ಕಾಗದದ್ದು: ಹಸಿರು ಹಾಳೆಯ ವೀಳ್ಯದೆಲೆ, ಸಣ್ಣ ಸಣ್ಣ ಉತ್ತತ್ತಿ, ಕೆಂಪು ಅಂಚಿನ ಮುಕ್ಕೋನ ಖಣ, ಮತ್ತು ಈ ಕಾಯಿ. ಮಡಿಸಿದ್ದ ಕಾಯಿಯನ್ನು ಎಲ್ಲರ ಎದುರಿಗೇ ಊದಿ ಉಬ್ಬಿಸಿದಳು. ಸೀರೆ ಎಡವುತ್ತ ನೆಟ್ಟಗೆ ಕಂಬದ ಹತ್ತಿರ, ನನ್ನೆದುರಿಗೆ ಬಂದು ನಿಂತಳು.

ಪಡಸಾಲೆ ಸುಮ್ಮನಾಯಿತು. ನನಗೆ ಗೊತ್ತಿದ್ದ ಅದೇ ಸುಮ್ಮನಾಗುವುದು. “ಅಯ್ಯ, ಪಾಪ, ಆಕಿಗಿ ಗೊತ್ತಿಲ್ಲ. ಹೇಳ್ರಿ ಯಾರರ,” ಎಂದು ಯಾರೋ ಅಂದರು. ಯಾರು ಹೇಳಬೇಕು? ಎಲ್ಲರ ಕಣ್ಣೂ ನನ್ನ ಮೇಲೆ. ಅಲ್ಲಿದ್ದವರಲ್ಲಿ ಇಂಗ್ಲಿಷು ಬರುವವಳು ನಾನೊಬ್ಬಳೇ. ನನಗೆ ಉಡಿ ತುಂಬಬಾರದು ಎಂದು ಆಕೆಗೆ ನಾನೇ ಹೇಳಬೇಕಿತ್ತು.

ಹೇಳಲಿಲ್ಲ. ಸೆರಗು ಒಡ್ಡಿದೆ. ಒಡ್ಡಿ ರೂಢಿಯಿರಲಿಲ್ಲ, ಉತ್ತತ್ತಿ ಕೆಳಗೆ ಬಿದ್ದವು. ಶಿವಲಿಂಗವ್ವ ಆಯಿ ಬಗ್ಗಿ ಆರಿಸಿಕೊಟ್ಟಳು. ಹಿಂದಿನಿಂದ ಒಂದು ದನಿ ಸಮಾಧಾನದ ಹಾಗೆ ಹೇಳಿತು: “ಇರಲಿ ಬಿಡ್ರಿ. ಕಾಗದದ್ದಲ್ಲೇನು, ಖರೇದಲ್ಲಲ್ಲ.”

ಸಾಚಿಕೊಗೆ ಗೊತ್ತಿಲ್ಲದೆ ಆದದ್ದೋ, ಎಲ್ಲ ಗೊತ್ತಿದ್ದೇ ಮಾಡಿದಳೋ, ನನಗೆ ಇಂದಿಗೂ ತಿಳಿಯದು. ಆಕೆಯ ಸುದ್ದಿ ಮತ್ತೆ ಬರಲಿಲ್ಲ. ಹೊಳೆ ಮಳೆಗಾಲದ ಎರಚಲಿಗೆ ಬಣ್ಣ ಬಿಟ್ಟು ಉದುರಿತು. ಎಲೆ, ಉತ್ತತ್ತಿ, ಖಣಗಳನ್ನು ಒರಲೆ ತಿಂದಿತು, ಕಾಯಿಯೊಂದೇ ಉಳಿಯಿತು. ಆಯಿ ಹೋದಳು. ಆ ದನಿ ಮಾತ್ರ ಹೋಗಲಿಲ್ಲ. ಖರೇದಲ್ಲ. ಅದಾದ ಮೇಲೂ ನಾನು ಎಷ್ಟೋ ಮನೆಗಳ ಚಪ್ಪಲಿ ಕಾದಿದ್ದೇನೆ.

ಈಗ ಸುನಂದಾಳ ಮಾತು. ಆಕೆಯ ಗಂಡ ಲಾರಿ ಓಡಿಸುತ್ತಿದ್ದ, ಕಳೆದ ವರ್ಷ ರಸ್ತೆಯಲ್ಲೇ ಹೋದ. ಮೊನ್ನೆ ಎದುರು ಮನೆಯ ಕೂಸಿನ ತೊಟ್ಟಿಲ ಕಾರ್ಯಕ್ಕೆ ಇಬ್ಬರೂ ಹೋಗಿದ್ದೆವು. ತಾಟು ಬಂತು. ನಾನು ಹೊರಗೆ ಬಂದೆ. ನೋಡಿದರೆ ಆಕೆ ನನಗಿಂತ ಮುಂಚೆಯೇ ಬಂದು ಫೋನು ಒತ್ತುತ್ತ ನಿಂತಿದ್ದಳು. “ದವಾಖಾನಿ ಡ್ಯೂಟಿ ಅದ್ರಿ ಟೀಚರ್,” ಎಂದಳು, ನಾನು ಕೇಳದಿದ್ದರೂ.

ಡಬ್ಬಿಯಿಂದ ಕಾಯಿ ತೆಗೆದು ಅಂಗೈಯಲ್ಲಿಟ್ಟುಕೊಂಡೆ. ಕಾಯಿ ಕೊಡಲು ಮನಸ್ಸಿಲ್ಲ, ನಾನು ಅಷ್ಟು ದೊಡ್ಡ ಮನಸ್ಸಿನವಳಲ್ಲ. ಇನ್ನೊಂದು ಮಾಡಲು ಬಾರದು, ನನಗೆ ಬರುವುದು ತೆರೆಯೊಂದೇ. ಕಲಿಯಬೇಕೆಂದರೆ ಇದನ್ನೇ ಬಿಚ್ಚಬೇಕು. ಬಿಚ್ಚಿದರೆ ಆ ಉಸಿರು ಹೋಗುತ್ತದೆ. ಮುಂದಿನ ಖೋಲಿಯಲ್ಲಿ ಸುನಂದಾ ಹಾಸಿಗೆ ಸುತ್ತುವ ಸಪ್ಪಳ ಕೇಳಿಸುತ್ತಿತ್ತು.

ಬಿಚ್ಚಿದೆ. ಮುಪ್ಪಾದ ಹಾಳೆ ಮೂಲೆಗಳಲ್ಲಿ ಪಟ್ ಪಟ್ ಮುರಿಯಿತು. ಇನ್ನು ಅದು ಕಾಯಿಯಾಗಲಾರದು ಎಂದು ತಿಳಿದಾಗ ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿ, ಗೆರೆಗಳನ್ನು ನೋಡುತ್ತ, ಕ್ಯಾಲೆಂಡರಿನ ಹಾಳೆಯೊಂದನ್ನು ಹಾಗೇ ಮಡಿಸಿದೆ. ತಪ್ಪಿತು. ಮತ್ತೊಂದು ಹಾಳೆ ಕಿತ್ತೆ. ಕಡೆಗೆ ಮಡಿಕೆ ಕೂಡಿತು. ತೂತಿಗೆ ತುಟಿ ಇಟ್ಟು ಊದಿದೆ. ಸೊಟ್ಟಗೇ ಉಬ್ಬಿತು, ಇರಲಿ.

ತಾಟಿನಲ್ಲಿ ಒಂದಿಷ್ಟು ಜೋಳ, ಅದರ ಮೇಲೆ ಕಾಯಿ ಇಟ್ಟುಕೊಂಡು ಹೋದೆ. “ಓಢಣಿ ಹಿಡಿಯವ್ವ,” ಎಂದೆ.

ಆಕೆ ಹಿಂದೆ ಸರಿದಳು. “ಬ್ಯಾಡ್ರಿ ಟೀಚರ್. ನನಗ ನಡ್ಯಂಗಿಲ್ಲಲ್ರಿ.”

“ನನಗೂ ನಡ್ಯಂಗಿಲ್ಲ. ಹಿಡಿ.”

ಹಿಡಿದಳು. ಕಾಯಿ ಕೈಗೆತ್ತಿಕೊಂಡು, “ಇದು ಕಾಗದದ್ದೇನ್ರಿ?” ಎಂದಳು.

“ಕಾಯಿ ಕಾಗದದ್ದು. ಜ್ವಾಳ ಖರೇವು.”

ಆಕೆ ನಗಲು ಹೋಗಿ ಅತ್ತಳು. ಆಟೋದವನು ಹಾರ್ನು ಹೊಡೆಯತೊಡಗಿದ. ಓಢಣಿಯ ಗಂಟು ಎದೆಗೊತ್ತಿಕೊಂಡೇ ಹತ್ತಿ ಕೂತಳು.

ಮುಂದಿನ ಖೋಲಿ ಖಾಲಿಯಾಗಿದೆ. ಬಾಗಿಲು ಹಾಕಿ ಬಂದು, ಹರಿದ ಕಂದು ಹಾಳೆಯನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ಕೂತಿದ್ದೇನೆ. ಸುಮ್ಮನೆ ಹತ್ತಿರ ಕೂರುವವರು ಈಗಲೂ ಇಲ್ಲ. ಬಾಯಲ್ಲಿ ಇನ್ನೂ ಕ್ಯಾಲೆಂಡರಿನ ಕಾಗದದ ರುಚಿ ಇದೆ.