ಎರಡೂ ಎಡಗೈಯ ತೋಳು

ಗೆಳತಿಯರೇ, ಇವತ್ತು ನಾನು ಕಳ್ಳಿಯಾದೆ. ಸಿದ್ದಾಪುರದ ನಮ್ಮ ಹೊಲಿಗೆ ತರಗತಿಗೆ ಕೋಲಸಿರ್ಸಿಯ ಗಂಗಕ್ಕ ರವಿಕೆಗೆಂದು ಖಣ ತಂದಿದ್ದರು. ಅದನ್ನು ಸರಿಯಾಗಿ ಕತ್ತರಿಸಿದರೆ, ಬರೀ ಗುಂಡಿ ಹಚ್ಚುತ್ತಿದ್ದ ನನ್ನನ್ನು ಹೊಲಿಗೆ ಮಿಷನ್ನಿಗೆ ಕೂರಿಸುವುದಾಗಿ ಕಲಿಸುವ ಗಿರಿಜಕ್ಕ ಹೇಳಿದ್ದರು. ಶಾಲೆ ಬಿಟ್ಟ ಮೇಲೆ ನನಗಿದ್ದ ಆಸೆ ಅದೊಂದೇ.

ಹೊಲಿಯುವವರೆಲ್ಲ ಬಟ್ಟೆ ಕದಿಯುತ್ತಾರೆ ಎಂದು ನಂಬಿರುವ ಗಂಗಕ್ಕ ಕತ್ತರಿಯ ಎದುರೇ ಕುಳಿತರು. ಎಡಗೈಗೊಂದು ಬಲಗೈಗೊಂದು ಬರುವಂತೆ ಎರಡು ತೋಳನ್ನು ಒಟ್ಟಿಗೆ ಕತ್ತರಿಸಲು ನಾನು ಖಣ ಮಡಚಿದೆ.

“ಮಡಚಡ ಕೂಸೆ. ಒಳಗೆ ಎಂತ ಮಾಡ್ತೆ ಹೇಳಿ ಯಂಗೆ ಕಾಣ್ತಿಲ್ಲೆ.”

ಬಿಡಿಸಿ ಒಂದೊಂದಾಗಿ ಕತ್ತರಿಸಿದೆ. ಎರಡೂ ಎಡಗೈಯ ತೋಳೇ ಆದವು. ಒಂದನ್ನು ಮಗುಚಿ ಹಚ್ಚಿದರೆ ಖಣದ ಒಳಮೈ ಹೊರಗೆ ಬರುತ್ತದೆ.

“ಅರಿವಿ ಸಾಲಲಿಲ್ಲ ಅಂತ ಹೇಳು,” ಎಂದು ಗಿರಿಜಕ್ಕ ಕಿವಿಯಲ್ಲಿ ಪಿಸುಗುಟ್ಟಿದರು. ನನ್ನಿಂದಾಗಲಿಲ್ಲ.

“ಆನು ತಪ್ಪು ಕತ್ತರಿಸಿದಿ ಗಂಗಕ್ಕ. ಎರಡೂ ಎಡಗೈದೇ ಆತು.”

“ಹಂಗಾದ್ರೆ ಬಲಗೈದು ಎಲ್ಲಿಟ್ಟಿದ್ದೆ?”

ಎಲ್ಲರೆದುರು ನನ್ನ ಚೀಲ ಕೊಡವಿದರು, ಮಿಷನ್ನಿನ ಕೆಳಗೂ ಬಗ್ಗಿ ನೋಡಿದರು. ಗಿರಿಜಕ್ಕ ನನ್ನನ್ನು ಮತ್ತೆ ಗುಂಡಿ ಹಚ್ಚಲು ಕೂರಿಸಿದರು. ಹೊರಟ ಗಂಗಕ್ಕ ಬಾಗಿಲಲ್ಲಿ ನಿಂತು, ಈಗಲಾದರೂ ಕೊಟ್ಟುಬಿಡು ಎಂದರು. ನಾನು ನಿಜವಾಗಿ ಕದ್ದಿದ್ದರೆ ಅವರಿಗೆ ಇಷ್ಟೊತ್ತಿಗೆ ಒಂದು ಬಲಗೈ ತೋಳಾದರೂ ಸಿಕ್ಕಿರುತ್ತಿತ್ತು.