ಸೊಣ್ಣಪ್ಪನವರು ತುಂಬಿದ ಕಡೆಯ ಬಂದೂಕು

ನನ್ನ ಮಾವ ಸೊಣ್ಣಪ್ಪನವರಿಗೆ ಬೀಡಿ ಇಲ್ಲದಿದ್ದರೆ ಜೀವ ನಿಲ್ಲುತ್ತಿರಲಿಲ್ಲ. ಆದರೆ ಬಂದೂಕಿನ ಮದ್ದಿನ ಡಬ್ಬಿ ಮುಟ್ಟುವ ಮೊದಲು ಬೀಡಿಯನ್ನೂ ಬೆಂಕಿಪೊಟ್ಟಣವನ್ನೂ ಅತ್ತೆ ಅಕ್ಕಯಮ್ಮನ ಕೈಗೆ ಕೊಟ್ಟು, ಹಿತ್ತಲಾಚೆಯ ಹುಣಸೆಮರದ ಕೆಳಗೆ ಒದ್ದೆ ಗೋಣಿಚೀಲ ಹಾಸಿ ಕೂರುತ್ತಿದ್ದರು. ಆ ಮನೆಯ ಅಳಿಯನಾದ ಹೊಸದರಲ್ಲಿ "ಮಾವ ಪೂಜೆಗೆ ಕೂತ್ರು" ಎಂದು ಛೇಡಿಸುತ್ತಿದ್ದೆ. ಅವರು ನಗುತ್ತಿರಲಿಲ್ಲ.

ತೊಂಬತ್ತನೇ ಇಸವಿಯ ಆಚೀಚೆ ತೂಬಗೆರೆ ಕಡೆ ಮುಸುಕಿನ ಜೋಳಕ್ಕೆ ಹಂದಿ ಕಾಟ. ಬೆಳೆ ಕಾಯಲು ಲೈಸೆನ್ಸ್ ಪಡೆದ ಹಳೇ ಬಂದೂಕುಗಳು ನಾಲ್ಕಾರು ಮನೆಗಳಲ್ಲಿದ್ದವು. ನಳಿಗೆಯ ಬಾಯಿಂದಲೇ ಮದ್ದು ಸುರಿದು ಗಿಡಿಯುವಂಥವು. ಹಾರಿಸುವವರು ಯಾರಾದರೂ ಇರಲಿ, ತುಂಬುವವರು ಮಾತ್ರ ಮಾವ. ಒಂದು ಸಲಕ್ಕೆ ಬೇಕಾದಷ್ಟು ಮದ್ದು ಅಳೆದು ಕ್ಯಾಲೆಂಡರಿನ ಹರಿದ ಹಾಳೆಯಲ್ಲಿ ಪೊಟ್ಟಣ ಕಟ್ಟಿಡುತ್ತಿದ್ದರು. ಮದ್ದು ಸುರಿದು, ಸೀಸದ ಚರೆ ಹಾಕಿದ ಮೇಲೆ ಅದೇ ಹಾಳೆಯನ್ನು ಮೇಲಿಂದ ಗಿಡಿಯುವುದು. ಆಗಷ್ಟೇ ಹಾರಿದ ನಳಿಗೆಯಲ್ಲಿ ಕಿಡಿ ಉಳಿದಿರುತ್ತದೆಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ಆರುವವರೆಗೆ ಮತ್ತೆ ತುಂಬುತ್ತಿರಲಿಲ್ಲ. ಇದೆಲ್ಲಕ್ಕಿಂತ ದೊಡ್ಡ ಕಟ್ಟಳೆಯೊಂದಿತ್ತು. ಬಂದೂಕು ಹಾರುವಾಗ ತುಂಬಿದವನು ಹಾರಿಸುವವನ ಭುಜಕ್ಕೆ ಭುಜ ಕೊಟ್ಟು ನಿಲ್ಲಬೇಕು. ನಳಿಗೆ ಸಿಡಿದರೆ ಇಬ್ಬರಿಗೂ ಸಿಡಿಯಲಿ ಎಂದು.

ಜೋಳ ಹಾಲುಗಟ್ಟಿದ್ದ ಕಾಲ. ಒಂದು ಸಂಜೆ ಪಕ್ಕದ ಹೊಲದ ಗೋಪಾಲಪ್ಪ ಬಂದೂಕು ಹಿಡಿದು ಓಡಿಬಂದ.

"ಅಣ್ಣೋ, ಹಂದಿ ಹಿಂಡು ಬಂದೈತೆ. ಬೇಗ ತುಂಬ್ಕೊಡು."

ಮಾವ ಕೂತರು. ಅಷ್ಟರಲ್ಲಿ ನನ್ನ ಮಗಳು ಸಿಂಚನ ಜಗಲಿಯಿಂದ ಬಿದ್ದು ಚೀರಿದಳು. ಮಾವ ಬಂದೂಕು ಅಲ್ಲೇ ಬಿಟ್ಟು ಓಡಿದರು, ಗೋಪಾಲಪ್ಪನೂ ಹಿಂದೆಯೇ ಬಂದ. ಹುಬ್ಬು ಸೀಳಿ ರಕ್ತ. ಮಗುವನ್ನು ನನ್ನ ಕೈಗೆ ಕೊಟ್ಟು ಮಾವ ಹಿಂದಿರುಗಿ ತುಂಬಿ ಮುಗಿಸಿದರು.

"ನಡೀತಿರು, ಮಗೀನ ನೋಡ್ಕೊಂಡು ಬರ್ತೀನಿ. ನಾನು ಬರೋಗಂಟ ಹಾರಿಸ್ಬೇಡ" ಎಂದು ಅವನನ್ನು ಕಳಿಸಿದರು.

ಕೈತೊಳೆಯುತ್ತಿದ್ದವರು ಹಾಗೇ ನಿಂತುಬಿಟ್ಟರು.

"ಅಳಿಯಂದ್ರೇ, ನಾನು ಓಡಿಬರೋಕ್ ಮುಂಚೇನೇ ಒಂದ್ ಪೊಟ್ಟಣ ಸುರಿದು ಗಿಡಿದಿದ್ನಾ?"

ನನಗೇನು ಗೊತ್ತು? ಡಬ್ಬಿಯಲ್ಲಿ ಎಷ್ಟು ಪೊಟ್ಟಣಗಳಿದ್ದವೆಂದು ಎಣಿಸಿದವರಿಲ್ಲ. ಮೊದಲೂ ಸುರಿದು ಆಮೇಲೂ ಸುರಿದಿದ್ದರೆ ಒಳಗೆ ಎರಡು ಪಾಲು ಮದ್ದು. ನಳಿಗೆ ಸಿಡಿದರೆ ಗೋಪಾಲಪ್ಪನ ಮುಖ ಉಳಿಯುವುದಿಲ್ಲ.

ಅರವತ್ತು ದಾಟಿದ ಮನುಷ್ಯ ಬದುವಿನ ಮೇಲೆ ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ. ಮಗುವನ್ನು ಅತ್ತೆಗೆ ಒಪ್ಪಿಸಿ ನಾನೂ ಹಿಂದೆ ಓಡಿದೆ. ಹಂದಿಗಳು ಕಣ್ಣೆದುರೇ ಜೋಳ ಮುರಿಯುತ್ತಿದ್ದವು. ತಡೆಯಲಾರದೆ ಗೋಪಾಲಪ್ಪ ಬಂದೂಕು ಭುಜಕ್ಕೇರಿಸಿದ್ದ.

"ಹಾರಿಸ್ಬೇಡ!" ಎಂದು ಕೂಗುತ್ತಲೇ ಮಾವ ಅವನ ಭುಜಕ್ಕೆ ಭುಜ ಕೊಟ್ಟು ನಿಂತು, ಬಂದೂಕು ಇಸಿದುಕೊಂಡು, ಮೊದಲು ಮದ್ದಿಗೆ ಕಿಡಿ ಕೊಡುವ ಕೇಪು ಕಿತ್ತು, ಕಾಲುವೆ ನೀರನ್ನು ನಳಿಗೆಗೆ ಹೊಯ್ದರು.

"ಏನ್ ಮಾಡ್ಬಿಟ್ಟೆ ಅಣ್ಣಾ! ನೀನು ಯಾವತ್ತಾದ್ರೂ ತಪ್ಪಿದ್ದುಂಟಾ? ನನ್ ಜೋಳ ನೋಡು!"

ಕಲ್ಲು ಬೀರಿದೆವು, ಕೂಗಿದೆವು, ಡಬ್ಬ ಬಡಿದೆವು. ಹಂದಿಗಳು ಅರ್ಧ ಹೊಲ ಮುಗಿಸಿಯೇ ಹೋದವು. ನನಗೂ ಮಾವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಬೆಳಿಗ್ಗೆ ಹುಣಸೆಮರದ ಕೆಳಗೆ, ತುದಿ ತಿರುಚಿದ ಕಂಬಿಯಿಂದ ಮಾವ ನಳಿಗೆಯೊಳಗಿನದನ್ನು ಈಚೆಗೆಳೆದರು. ನೆಂದು ಮುದ್ದೆಯಾದ ಕ್ಯಾಲೆಂಡರ್ ಹಾಳೆ ಬಂತು. ಹಿಂದೆಯೇ ಚರೆ, ಮದ್ದಿನ ಕಪ್ಪು ನೀರು. ಮತ್ತೆ ಮತ್ತೆ ಕಂಬಿ ಆಡಿಸಿದರು. ಇನ್ನೊಂದು ಹಾಳೆ ಇರಲಿಲ್ಲ.

"ನೋಡ್ದ್ಯಾ? ನೀನು ಸರ್ಯಾಗೇ ತುಂಬಿದ್ದೆ" ಎಂದ ಗೋಪಾಲಪ್ಪ. ದನಿಯಲ್ಲಿ ಹೊಲದ ನೋವಿತ್ತು.

ಮಾವನ ಮುಖದಲ್ಲಿ ನಿರಾಳ ಹುಡುಕಿದೆ, ಕಾಣಲಿಲ್ಲ. ನಳಿಗೆ ತೊಳೆದು, ಒರೆಸಿ, ಎಣ್ಣೆ ಹಚ್ಚಿ, ಬಂದೂಕಿನ ಜೊತೆ ಮದ್ದಿನ ಅಳತೆಯ ಬಿದಿರಂಡೆಯನ್ನೂ ಅವನ ಕೈಗಿಟ್ಟರು.

"ಇನ್ಮೇಲೆ ನೀನೇ ತುಂಬ್ಕೊ. ಬಾಯಲ್ಲಿ ಹೇಳ್ಕೊಡ್ತೀನಿ."

"ಯಾಕಣ್ಣ? ತಪ್ಪೇ ಆಗಿಲ್ವಲ್ಲ?"

"ಆಗಿಲ್ಲ. ಆದ್ರೆ ಆಗಿಲ್ಲ ಅಂತ ನಂಗೇ ಗೊತ್ತಿರ್ಲಿಲ್ವಲ್ಲಪ್ಪ."

ಗೋಪಾಲಪ್ಪ ತಲೆ ತಗ್ಗಿಸಿದ. ನನ್ನ ಸಿಟ್ಟು ಎಲ್ಲಿ ಹೋಯಿತೋ.

ಮಾವ ಒಳಗೆ ಬಂದು ಅತ್ತೆಯ ಮುಂದೆ ಕೈಯೊಡ್ಡಿದರು. ಅತ್ತೆ ಬೀಡಿ, ಬೆಂಕಿಪೊಟ್ಟಣ ಕೊಟ್ಟರು. ಮತ್ತೆಂದೂ ಅವನ್ನು ಅವರು ಅತ್ತೆಯ ಕೈಗೆ ಕೊಡಲಿಲ್ಲ.